ಹೆಬ್ಬಿದಿರು, ಕಿರುಬಿದಿರು: ನಮ್ಮ ಕಾಡಿನ ಎರಡು ದೊಡ್ಡ ಹುಲ್ಲು

(ತೀರ್ಥಹಳ್ಳಿ ಕಡೆಯ ಒಂದು ಊರಿನ ಶಾಲೆಯಲ್ಲಿ, ಮಳೆಗಾಲದ ಒಂದು ಭಾನುವಾರ ಸಂಜೆ ಮಾತಾಡಿದ್ದು ಇದು. ಮೊಬೈಲ್ ರೆಕಾರ್ಡಿಂಗ್ ಕೇಳಿಕೊಂಡು ಆಮೇಲೆ ಬರೆದೆ. ಹೆಂಚಿನ ಮೇಲೆ ಮಳೆ ಜೋರಾಗಿ ಹೊಡೆದ ಕಡೆ ರೆಕಾರ್ಡಿಂಗ್‌ನಲ್ಲಿ ಏನೂ ಕೇಳಿಸುವುದಿಲ್ಲ. ಅಲ್ಲೆಲ್ಲ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ.

ಹೊರಗಿನ ಬೋರ್ಡಿನಲ್ಲಿ 'ಮಲೆನಾಡಿನ ಎರಡು ಹುಲ್ಲು' ಅಂತ ಬರೆದಿದ್ದು ನೋಡಿ ಒಬ್ಬರು ಬಾಗಿಲಲ್ಲೇ ಹಿಡಿದುಕೊಂಡರು. "ಮೇಷ್ಟ್ರೇ, ದನಕ್ಕೆ ಹಾಕೋ ಹುಲ್ಲಾ, ಕೊಟ್ಟಿಗೆಗೆ ಹೊದಿಸೋ ಹುಲ್ಲಾ?" ಎರಡೂ ಅಲ್ಲ, ಏಣಿ ಮಾಡೋ ಹುಲ್ಲು ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಪೆನ್ಶನ್ ಬಂದ ಮೇಲೆ ಮೇಷ್ಟ್ರಿಗೆ ಸ್ವಲ್ಪ ಏನೋ ಆಗಿದೆ ಅಂದುಕೊಂಡಿರಬೇಕು.

ಬಿದಿರು ಹುಲ್ಲು. ಭತ್ತ, ರಾಗಿ, ಜೋಳ, ಕಬ್ಬು, ಗರಿಕೆ ಇವೆಲ್ಲ ಇರುವ ಕುಟುಂಬದ್ದೇ. ಅದರಲ್ಲೂ ಒಂದು ತಮಾಷೆ ಇದೆ. ಈಗ ಹೇಳಿದವುಗಳಲ್ಲಿ ಬಿದಿರಿಗೆ ಹತ್ತಿರದ ನೆಂಟ ಭತ್ತ. ರಾಗಿ, ಜೋಳ, ಕಬ್ಬು ದೂರದ ನೆಂಟರು. ಅಂದರೆ ಭತ್ತಕ್ಕೆ ರಾಗಿಗಿಂತ ಬಿದಿರೇ ಹತ್ತಿರ. ನಮ್ಮ ಹಿರಿಯರು ಬಿದಿರಿನ ಬೀಜಕ್ಕೆ 'ಬಿದಿರಕ್ಕಿ' ಅಂತ ಸುಮ್ನೆ ಹೆಸರಿಡಲಿಲ್ಲ. ಅನ್ನ ಮಾಡಿ ತಿಂದು ನೋಡಿಯೇ ಇಟ್ಟಿದ್ದು.

ಇನ್ನು ಆ ಎರಡು ಯಾವುವು ಅಂತ. ನಿಮ್ಮ ಕೈ ಚಾಚಿ ನೋಡಿ. ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಕಿರುಬೆರಳು. ಬಿದಿರಿಗೂ ಅದೇ ಲೆಕ್ಕ. ಹಿರಿದು ಹೆಬ್ಬಿದಿರು, ಕಿರಿದು ಕಿರುಬಿದಿರು. ಪುಸ್ತಕದಲ್ಲಿ ಹೆಬ್ಬಿದಿರಿಗೆ ಬ್ಯಾಂಬುಸಾ ಬ್ಯಾಂಬೋಸ್ ಅಂತಾರೆ, ಕಿರುಬಿದಿರಿಗೆ ಡೆಂಡ್ರೋಕಲಾಮಸ್ ಸ್ಟ್ರಿಕ್ಟಸ್. ಕಿರುಬಿದಿರಿಗೆ ಕೆಲವು ಕಡೆ ಗಂಡುಬಿದಿರು ಅಂತಲೂ ಹೆಸರಿದೆ. ಯಾಕೆ ಅಂತ ಈಗ ನಿಮಗೇ ಗೊತ್ತಾಗುತ್ತದೆ.

ಎರಡು ತುಂಡು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ. ದೊಡ್ಡದು ಹೆಬ್ಬಿದಿರು. ಐದು ಇಂಚು ಅಗಲ, ಗೋಡೆ ಮುಕ್ಕಾಲು ಇಂಚು. ಒಳಗೆ ಒಂದು ಲೋಟ ಸಲೀಸಾಗಿ ಕೂರುತ್ತದೆ. ಚಿಕ್ಕದು ಕಿರುಬಿದಿರು. ಒಂದೂವರೆ ಇಂಚು ದಪ್ಪ. ಅದರಲ್ಲಿ ತೂತು ಎಲ್ಲಿದೆ ಅಂತ ಹುಡುಕಬೇಕು. ಪೆನ್ಸಿಲ್ ತುದಿ ಹೋದರೆ ಹೆಚ್ಚು. ಒಣಗುಡ್ಡದಲ್ಲಿ ಬೆಳೆದ ಕೆಲವು ಗಳಕ್ಕೆ ಬುಡದಲ್ಲಿ ತೂತೇ ಇರುವುದಿಲ್ಲ, ಗಟ್ಟಿ. ಈಗ ಎರಡನ್ನೂ ಬೆಂಚಿಗೆ ಕುಟ್ಟಿ. ಹೆಬ್ಬಿದಿರು 'ಡೊಂಯ್' ಅನ್ನುತ್ತದೆ, ಕಿರುಬಿದಿರು 'ಟಕ್' ಅನ್ನುತ್ತದೆ ಅಷ್ಟೆ. ಲಾಠಿ ಮಾಡುವುದು ಈ 'ಟಕ್' ಅನ್ನುವುದರಿಂದ. ಗುದ್ದಲಿ ಕಾವು, ಊರುಗೋಲು, ದನ ಹೊಡೆಯೋ ಕೋಲು ಎಲ್ಲ ಇದೇ. ಹೆಬ್ಬಿದಿರು ಅಂಡೆಗೆ, ಚಪ್ಪರದ ಕಂಬಕ್ಕೆ, ಏಣಿಗೆ, ಸಾರುವೆಗೆ. ಈಗಂತೂ ತೋಟದಲ್ಲಿ ಕಾಯಿ ಕೊಯ್ಯಲು ಫೈಬರ್ ದೋಟಿ ಬಂದಿದೆ, ಬಿದಿರಿನ ದೋಟಿ ಹಿಡಿದವರೇ ಕಡಿಮೆ.

ಈ ತುಂಡುಗಳ ಕತ್ತರಿಸಿದ ಮುಖದಲ್ಲಿ ಇನ್ನೊಂದು ಸಂಗತಿ ಗಮನಿಸಿ. ಉಂಗುರ ಇಲ್ಲ. ಸಾಗುವಾನಿ ದಿಮ್ಮಿ ಕೊಯ್ದರೆ ವರ್ಷಕ್ಕೊಂದು ಉಂಗುರ ಕಾಣುತ್ತದೆ ಅಲ್ವಾ, ಇಲ್ಲಿ ಅದಿಲ್ಲ. ಬರೀ ಚುಕ್ಕೆ ಚುಕ್ಕೆ. ಆ ಒಂದೊಂದು ಚುಕ್ಕೆಯೂ ಒಂದು ನಾರಿನ ಕಟ್ಟು. ಹೊರಮೈ ಕಡೆ ಒತ್ತಾಗಿವೆ, ಒಳಗೆ ಹೋದಹಾಗೆ ವಿರಳ. ಬುಟ್ಟಿ ಹೆಣೆಯುವವರು ಹೊರಗಿನ ಪದರವನ್ನೇ ಇಷ್ಟಪಡೋದು ಅದಕ್ಕೇ. ಬಿದಿರು ದಪ್ಪವಾಗಿ ಬೆಳೆಯುವುದೇ ಇಲ್ಲ. ನೆಲದಿಂದ ಕಳಲೆ ಮೇಲೆ ಬರುವಾಗ ಎಷ್ಟು ದಪ್ಪವೋ, ಸಾಯುವವರೆಗೂ ಅಷ್ಟೇ. ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಮೂರು ವರ್ಷ ಬಲಿಯುವುದೊಂದೇ ಕೆಲಸ. ನಿಮ್ಮ ತೋಟದ ಅಡಿಕೆ ಮರವೂ ಈ ವಿಷಯದಲ್ಲಿ ಹೀಗೇ. ಅದಕ್ಕೂ ವರ್ಷದ ಉಂಗುರ ಇಲ್ಲ.

ಇದು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕಿರುಬಿದಿರಿನ ತುಂಡು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ಗೀರಿದರು. "ಇದು ಬಲ್ತಿಲ್ಲ ಮೇಷ್ಟ್ರೇ. ಎರಡನೇ ವರ್ಷದ್ದು." ನಾನು ಕಡಿಸಿಕೊಂಡು ಬಂದಾಗ ಮೂರು ವರ್ಷದ್ದು ಅಂದಿದ್ದರು. ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಮೈ ಮೇಲೆ ಬಿಳಿ ಪುಡಿ ಇನ್ನೂ ಹೋಗಿಲ್ಲ. ಗಿಣ್ಣಿನ ಹತ್ರ ಪೊರೆ ಅಂಟಿದ್ದ ಗುರುತು ಹೊಸದು. ಬುಟ್ಟಿಗೆ ಚೆನ್ನಾಗಿ ಆಗ್ತದೆ, ಮಾಡಿಗೆ ಹಾಕಬೇಡಿ." ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಬುಟ್ಟಿ, ಮೊರ ಹೆಣೆಯುವ ಕೆಲಸವಂತೆ. ಮೇದಾರ ಕೇತಯ್ಯನ ಹೆಸರು ಹೇಳಿ ಕೈ ಮುಗಿದರು. ಹನ್ನೆರಡನೇ ಶತಮಾನದ ಶರಣ, ಬುಟ್ಟಿ ಹೆಣೆಯುವುದೇ ಕಾಯಕ ಆಗಿದ್ದವನು. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಅಜ್ಜಿಯ ಮುಖ ನೋಡಿಕೊಂಡೇ ಹೇಳಿದೆ.

ಸರಿ, ಇವೆರಡೂ ಇರುವುದೆಲ್ಲಿ? ಶಿವಮೊಗ್ಗದಲ್ಲಿ ಬಸ್ ಹತ್ತಿ, ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ. ತೊಂಬತ್ತು ಕಿಲೋಮೀಟರ್ ಆಚೀಚೆ. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಜಾಸ್ತಿ. ಬಸ್ಸಿನಲ್ಲಿ ಕೂತವನು ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಕಾಡೇ ಬದಲಾಗಿರುತ್ತದೆ. ಕಿರುಬಿದಿರು ಒಣ ಕಡೆಯದ್ದು. ಕಲ್ಲುಗುಡ್ಡ, ಇಳಿಜಾರು, ನೀರು ನಿಲ್ಲದ ಮಣ್ಣು, ಎಲೆ ಉದುರುವ ಕಾಡು ಇಷ್ಟಿದ್ದರೆ ಅದಕ್ಕೆ ಸಾಕು. ಬೇಸಿಗೆ ಜೋರಾದರೆ ಎಲೆ ಉದುರಿಸಿ ಕಡ್ಡಿಯ ಹಾಗೆ ನಿಂತುಬಿಡುತ್ತದೆ. ಸತ್ತಿದೆಯೋ ಬದುಕಿದೆಯೋ ಅಂತ ಅನುಮಾನ ಬರಬೇಕು. ಹೆಬ್ಬಿದಿರಿಗೆ ತೇವ ಬೇಕು, ಮಣ್ಣು ಆಳ ಇರಬೇಕು. ಹಳ್ಳದ ದಂಡೆ, ಗುಡ್ಡದ ಬುಡ, ಹೊಳೆ ಮಣ್ಣು ತಂದು ಹಾಕಿದ ಜಾಗ. ಅಲ್ಲಿ ಎಪ್ಪತ್ತು ಎಂಬತ್ತು ಅಡಿ ಹೋಗಿ ತುದಿ ಬಾಗಿಸಿಕೊಂಡು ನಿಲ್ಲುತ್ತದೆ. ಕಿರುಬಿದಿರು ಮೂವತ್ತು, ನಲವತ್ತು ಅಡಿ ಹೋದರೆ ಅದೇ ದೊಡ್ಡದು. ಆಗುಂಬೆಯ ಘಟ್ಟದಂಚಿಗೆ ಹೋದರೆ ವಾಟೆ ಸಿಗುತ್ತದೆ. ಅದು ಮೂರನೆಯದು, ಅದರ ಕಥೆಯೇ ಬೇರೆ. ಇವತ್ತಿಗೆ ಬೇಡ.

ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದವರು ಇದ್ದೀರಾ? ಕೆಳದಿ ಅರಸರ ರಾಜಧಾನಿ ಬಿದನೂರು ಅದೇ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ ಅಂತಾಯಿತು, ಆಮೇಲೆ ಬರೀ ನಗರ. ಅದಕ್ಕೂ ಹಿಂದೆ ಅದು ಬಿದಿರುಹಳ್ಳಿ. ಒಂದು ರಾಜಧಾನಿಯ ಹೆಸರೇ ಬಿದಿರಿನ ಮೇಲೆ! ಯಾವ ಬಿದಿರು ಅಂತ ಯಾರೂ ಬರೆದಿಟ್ಟಿಲ್ಲ. ಆ ಮಳೆ, ಆ ಹಳ್ಳಗಳನ್ನು ನೋಡಿದರೆ ಹೆಬ್ಬಿದಿರೇ ಅಂತ ನನ್ನ ಪಂಥ.

ಈಗ ಮುಳ್ಳಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇವೆರಡರ ದೊಡ್ಡ ವ್ಯತ್ಯಾಸ ದಪ್ಪವೂ ಅಲ್ಲ, ಎತ್ತರವೂ ಅಲ್ಲ. ಮುಳ್ಳು.

ಹೆಬ್ಬಿದಿರಿನ ಮೆಳೆಯ ಹತ್ತಿರ ಹೋಗಿದ್ದೀರಲ್ಲ? ಹತ್ತಿರ ಅಂದರೆ ಎಷ್ಟು ಹತ್ತಿರ? ಐದಾರು ಅಡಿ ದೂರದಲ್ಲೇ ನಿಲ್ಲಬೇಕು. ಗಳದ ಕೆಳಗಿನ ಗಿಣ್ಣುಗಳಿಂದ ತಂತಿಯಂಥ ಕೊಂಬೆ ಹೊರಡುತ್ತವೆ. ಎಲೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಿಣ್ಣು ಗಿಣ್ಣಿಗೂ ಎರಡು ಮೂರು ಕೊಕ್ಕೆಮುಳ್ಳು. ಆ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬುಡದ ಸುತ್ತ ಕೋಟೆ ಕಟ್ಟಿರುತ್ತವೆ. ಅಂಗಿ ಸಿಕ್ಕಿಕೊಂಡರೆ ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋ ಹಾಗೂ ಇಲ್ಲ. ಹೊಲಕ್ಕೆ ಬೇಲಿ ಹಾಕಲು ಇದೇ ಮುಳ್ಳನ್ನು ಎಳೆದುಕೊಂಡು ಬರುತ್ತಿದ್ದರು. ಕಿರುಬಿದಿರಿಗೆ ಇದು ಯಾವುದೂ ಇಲ್ಲ. ಮುಳ್ಳಿಲ್ಲದ ಬಿದಿರು ಅದು. ಗಳಗಳು ಒತ್ತೊತ್ತಾಗಿ ನಿಂತು, ಒಂದಕ್ಕೊಂದು ಉಜ್ಜಿಕೊಂಡು, ಒಳಗೆ ಕೈ ಹಾಕದ ಹಾಗೆ ಗಿಜಿಗಿಜಿ ಇರುತ್ತದೆ ಅಷ್ಟೇ.

ಹೆಬ್ಬಿದಿರಿಗೆ ಈ ಕೋಟೆ ಯಾಕೆ ಬೇಕು? ಕಳಲೆಗಾಗಿ. ಜೂನ್, ಜುಲೈಯಲ್ಲಿ ಕಳಲೆ ನೆಲ ಒಡೆದು ಬರುತ್ತದಲ್ಲ, ಆಗ ಅದು ಮೆತ್ತಗೆ, ನೀರು ನೀರು. ದನ, ಕಡವೆ, ಮುಳ್ಳುಹಂದಿ, ಮುಸುವ ಎಲ್ಲಕ್ಕೂ ಹಬ್ಬ. ಮುಳ್ಳಿನ ಮಧ್ಯೆ ಬಂದ ಕಳಲೆ ಉಳಿಯುತ್ತದೆ. ಹೊರಗೆ ಬಂದದ್ದು ಮಾರನೇ ದಿನಕ್ಕೆ ಇರುವುದಿಲ್ಲ.

ಇದಕ್ಕೊಂದು ನಿಜವಾಗಿ ನಡೆದ ಕಥೆಯಿದೆ. 1970ರ ದಶಕದಲ್ಲಿ ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಯಾಕೆ ಕಡಿಮೆಯಾಗುತ್ತಿದೆ ಅಂತ ನೋಡಲು ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಹೋದರು. ಕಾಗದದ ಕಾರ್ಖಾನೆಗೆ ಅಲ್ಲಿಂದ ಬಿದಿರು ಹೋಗುತ್ತಿತ್ತು. ಕಡಿಯುವವರಿಗೆ ಮುಳ್ಳು ಅಡ್ಡ. ಹಾಗಾಗಿ ಮೊದಲು ಬುಡದ ಮುಳ್ಳನ್ನೆಲ್ಲ ಸವರಿ ಚೊಕ್ಕಟ ಮಾಡುತ್ತಿದ್ದರು. ಮುಳ್ಳು ತೆಗೆದರೆ ಗಾಳಿ ಬೆಳಕು ಆಡಿ ಮೆಳೆ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಬೇರೆ. ಊರಿನವರು ಮಾತ್ರ ಬೇರೆ ಹೇಳುತ್ತಿದ್ದರು. ಮುಳ್ಳು ತೆಗೆದರೆ ಕಳಲೆ ಉಳಿಯಲ್ಲ ಅಂತ. ಇವರು ಮೆಳೆ ಮೆಳೆಗೂ ಕಳಲೆ ಎಣಿಸಿ ನೋಡಿದರು. ಊರಿನವರು ಹೇಳಿದ್ದೇ ಸರಿ. ಚೊಕ್ಕಟ ಮಾಡಿದ ಮೆಳೆಯಲ್ಲಿ ಎಳೆ ಕಳಲೆ ಪ್ರಾಣಿಗಳ ಪಾಲಾಗುತ್ತಿತ್ತು. ಹೊಸ ಗಳ ಬಾರದಿದ್ದರೆ ಮೆಳೆ ಎಷ್ಟು ದಿನ ತಡೆದೀತು?

ನನಗೆ ಈ ಕಥೆ ಇಷ್ಟ ಯಾಕೆಂದರೆ ಇಲ್ಲಿ ಯಾರೂ ಕೇಡಿಗರಲ್ಲ. ಬಿದಿರು ಅಂದರೆ ಬಿದಿರು, ಎಲ್ಲ ಒಂದೇ ಅಂತ ತಿಳಿದುಕೊಂಡಿದ್ದರು, ಅಷ್ಟೇ. ಮುಳ್ಳಿಲ್ಲದೆ ಬದುಕುವ ಕಿರುಬಿದಿರನ್ನು ನೋಡಿದ ಕಣ್ಣಿಗೆ ಹೆಬ್ಬಿದಿರಿನ ಮುಳ್ಳು ಕಸ ಅನ್ನಿಸುವುದು ಸಹಜ. ನಮ್ಮ ಜಿಲ್ಲೆಯಲ್ಲೂ ಬಿದಿರಿನಿಂದ ಕಾಗದ ಮಾಡಿದ ಇತಿಹಾಸ ಇದೆ. ಭದ್ರಾವತಿಯ ಕಾಗದ ಕಾರ್ಖಾನೆ ಸ್ಥಾಪನೆ ಆಗಿದ್ದು 1936ರಲ್ಲಿ. ಬಿದಿರಿನ ನಾರು ಉದ್ದ, ಕಾಗದಕ್ಕೆ ಒಳ್ಳೆಯದು. ಬಿದಿರಿನ ನಂತರ ಗುಡ್ಡಗಳ ಮೇಲೆ ನೀಲಗಿರಿ ಬಂತು, ಅಕೇಶಿಯಾ ಬಂತು. ಅದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ, ನಾನು ಹೇಳಬೇಕಿಲ್ಲ.

'ಬಿದಿರು ಅಂದರೆ ಬಿದಿರು' ಅಂದುಕೊಂಡು ನಾನೇ ಒಂದು ಸಲ ಕೆಟ್ಟೆ. ನಮ್ಮ ಮನೆ ಮೇಲಿನ ಕಲ್ಲುಗುಡ್ಡಕ್ಕೆ ಕಿರುಬಿದಿರು ಹಾಕೋಣ ಅಂತ ಒಂದು ನರ್ಸರಿಯಿಂದ ನಲವತ್ತು ಸಸಿ ತಂದೆ. "ಮುಳ್ಳಿಲ್ಲದ್ದೇ ತಾನೆ?" ಅಂತ ಎರಡು ಸಲ ಕೇಳಿದ್ದೆ. ಹೌದು ಸಾರ್, ಮುಳ್ಳಿಲ್ಲ ಅಂದರು. ಅವರದ್ದು ಸುಳ್ಳಲ್ಲ ಅನ್ನಿ. ಸಸಿಯಲ್ಲಿ ಯಾವುದಕ್ಕೂ ಮುಳ್ಳಿರಲಿಲ್ಲ! ಸಣ್ಣವಿದ್ದಾಗ ಎರಡೂ ಒಂದೇ ಥರ, ಅಪ್ಪಟ ಹುಲ್ಲಿನ ಹಾಗೆ. ಮೂರನೇ ಮಳೆಗಾಲಕ್ಕೆ ಕಳೆ ಕೀಳಲು ಹೋದವನ ಕೈಗೆ ಕೊಕ್ಕೆ ಸಿಕ್ಕಿತು. ಎಣಿಸಿ ನೋಡಿದರೆ ನಲವತ್ತರಲ್ಲಿ ಹದಿನೇಳು ಹೆಬ್ಬಿದಿರು. ಒಣಗುಡ್ಡದಲ್ಲಿ ಅವು ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಮುಳ್ಳು ಮಾತ್ರ ಹುಲುಸಾಗಿ ಬಂತು. ನಮ್ಮ ಮನೆಯವಳು ಈಗಲೂ ಆ ಕಡೆ ಸೊಪ್ಪಿಗೆ ಹೋಗುವಾಗ ನನ್ನನ್ನು ನೆನೆಸಿಕೊಳ್ಳುತ್ತಾಳೆ. ಒಳ್ಳೆ ಮಾತಲ್ಲಿ ಅಲ್ಲ.

ಸಸಿಯಲ್ಲೇ ಕಂಡುಹಿಡಿಯಬೇಕು ಅಂದರೆ ಒಂದು ದಾರಿ ಎಲೆ. ಎಲೆಯ ಅಡಿಭಾಗವನ್ನು ಕೆನ್ನೆಗೆ ಉಜ್ಜಿ ನೋಡಿ. ಕಿರುಬಿದಿರಿನದ್ದು ಸಣ್ಣ ರೋಮದಿಂದ ಮೆತ್ತಗೆ ಇರುತ್ತದೆ. ಹೆಬ್ಬಿದಿರಿನದ್ದು ನುಣುಪು. ಸ್ವಲ್ಪ ದೊಡ್ಡದಾದ ಮೇಲೆ ಕಳಲೆಗೆ ಸುತ್ತಿರುವ ಪೊರೆ ನೋಡಬಹುದು. ಕಿರುಬಿದಿರಿನ ಪೊರೆಯ ಬೆನ್ನಿಗೆ ಚಿನ್ನದ ಬಣ್ಣದ ಬಿರುಸು ರೋಮ, ಕೈಗೆ ಚುಚ್ಚಿದರೆ ತುರಿಕೆ. ಹೆಬ್ಬಿದಿರಿನ ಪೊರೆ ದೊಡ್ಡದು, ಚರ್ಮದ ಹಾಗೆ ದಪ್ಪ. ಪೊರೆಯ ತುದಿಯ ತ್ರಿಕೋನದ ಒಳಗಡೆ ಕಪ್ಪು ಕಂದು ಮಖಮಲ್ಲು ಹಾಸಿದಂತೆ ಇರುತ್ತದೆ. ಇದೆಲ್ಲ ನಾನು ಕಲಿತಿದ್ದು ಹದಿನೇಳು ಗಿಡ ಕೆಟ್ಟ ಮೇಲೆ.

ಕಳಲೆ ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು. ಗೊತ್ತು, ಪಲ್ಯದ ವಿಷಯ ತಾನೆ? ಹೇಳಿಬಿಡುತ್ತೇನೆ. ಎರಡರ ಕಳಲೆಯನ್ನೂ ತಿನ್ನಬಹುದು. ಹೆಬ್ಬಿದಿರಿನ ಒಂದು ಕಳಲೆ ಕಿತ್ತರೆ ಇಡೀ ಮನೆಗೆ ಆಯಿತು. ಕಿರುಬಿದಿರಿನದ್ದು ಸಣ್ಣದು, ಸುಲಿದರೆ ಉಳಿಯೋದೇ ಒಂದು ಹಿಡಿ. ಆದರೆ ಎರಡರಲ್ಲೂ ವಿಷ ಇದೆ. ಹಸಿ ಕಳಲೆ ಜಜ್ಜಿದಾಗ ಸಯನೈಡ್ ಬಿಡುವ ಒಂದು ವಸ್ತು ಅದರಲ್ಲಿದೆ. ನಮ್ಮ ಅಮ್ಮಂದಿರಿಗೆ ಆ ಹೆಸರು ಗೊತ್ತಿರಲಿಲ್ಲ. ಬಿಲ್ಲೆ ಬಿಲ್ಲೆ ಹೆಚ್ಚಿ, ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸುವುದು ಮಾತ್ರ ಗೊತ್ತಿತ್ತು. ಆ ವಸ್ತು ನೀರಿಗೆ ಬಿಡುತ್ತದೆ, ಬಿಸಿಗೆ ಒಡೆಯುತ್ತದೆ. ಹಾಗಾಗಿ ಮೂರು ದಿನದ ಕೆಲಸವನ್ನು ಒಂದು ದಿನಕ್ಕೆ ಮುಗಿಸಬೇಡಿ. ಹೆಸರುಕಾಳು ಹಾಕಿದ ಹುಳಿ ಚೆನ್ನ, ಉಪ್ಪಿನಕಾಯಿ ಇನ್ನೂ ಚೆನ್ನ. ಇನ್ನೊಂದು ಮಾತು. ನಿಮ್ಮ ಮನೆ ಮೆಳೆಯದ್ದಾದರೂ ಎಲ್ಲ ಕಳಲೆ ಕೀಳಬೇಡಿ. ಮುಂದಿನ ವರ್ಷದ ಗಳ ಅದೇ.

ಕಡಿಯುವ ವಿಷಯದಲ್ಲಿ ಅಜ್ಜಿಯನ್ನೇ ಕೇಳೋಣ ಅಂತ ಕೇಳಿದೆ. "ಮಳೆಗಾಲದಲ್ಲಿ ಮುಟ್ಟೋ ಹಾಗಿಲ್ಲ. ಹುಣ್ಣಿಮೆ ಹತ್ರ ಕಡಿಯೋ ಹಾಗಿಲ್ಲ, ಕುಟ್ಟೆ ಹಿಡೀತದೆ. ಅಮಾಸೆ ಆಚೆ ಈಚೆ ಕಡೀಬೇಕು." ಕುಟ್ಟೆ ಹುಳಕ್ಕೆ ಬೇಕಾಗಿರೋದು ಬಿದಿರಲ್ಲ, ಬಿದಿರಿನೊಳಗಿನ ಪಿಷ್ಟ. ಬೇಸಿಗೆಯ ಕೊನೆಗೆ ಕಳಲೆ ಸಾಕಲು ಗಳಗಳು ಪಿಷ್ಟ ಕೂಡಿಟ್ಟಿರುತ್ತವೆ. ಕಳಲೆ ಬೆಳೆದ ಮೇಲೆ, ಮಳೆಗಾಲ ಮುಗಿದಾಗ ಅದು ಖರ್ಚಾಗಿರುತ್ತದೆ. ಆಗ ಕಡಿದರೆ ಹುಳಕ್ಕೆ ಊಟ ಕಡಿಮೆ. ಕಡಿದ ಗಳವನ್ನು ಕೆಲವು ವಾರ ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿಸಿಡುತ್ತಿದ್ದದ್ದೂ ಅದಕ್ಕೇ, ಉಳಿದ ಪಿಷ್ಟ ನೀರಿಗೆ ಬಿಡಲಿ ಅಂತ. ಅಮಾವಾಸ್ಯೆಯ ಲೆಕ್ಕ ನಾನು ಅಜ್ಜಿಗೆ ಬಿಟ್ಟಿದ್ದೇನೆ. ಸಭೆಯಲ್ಲಿ ಅವರ ಎದುರು ವಾದ ಮಾಡುವ ಧೈರ್ಯ ನನಗಿಲ್ಲ.

ಕಡಿಯುವ ಜಾಗದ ಬಗ್ಗೆಯೂ ಒಂದು ಕ್ರಮ ಇದೆ. ಬಿದಿರು ಹೊರಮುಖವಾಗಿ ಬೆಳೆಯುತ್ತದೆ. ಹೊಸ ಗಳ ಅಂಚಿನಲ್ಲಿ, ಮುದಿ ಗಳ ನಡುವೆ. ಅನುಕೂಲ ನೋಡಿ ಅಂಚಿನದ್ದು ಕಡಿದರೆ ಮೆಳೆ ಒಳಗಿಂದ ಕೊಳೆಯುತ್ತದೆ. ಒಂದು ಕಡೆ ದಾರಿ ಬಿಡಿಸಿಕೊಂಡು, ಲಾಳದ ಆಕಾರದಲ್ಲಿ ಒಳಗಿನ ಮುದಿಯದ್ದನ್ನು ತೆಗೆಯಬೇಕು. ಬುಡದ ಗಿಣ್ಣಿನ ಸ್ವಲ್ಪ ಮೇಲೆ ಕಡಿಯಬೇಕು, ಬಟ್ಟಲಿನಂತೆ ನೀರು ನಿಲ್ಲಬಾರದು. ಕಿರುಬಿದಿರಿನ ಗಿಜಿಗಿಜಿ ಮೆಳೆಗಂತೂ ಇದು ಮಾಡಲೇಬೇಕು. ಇಲ್ಲದಿದ್ದರೆ ಗಳ ಸೊಟ್ಟ ಸೊಟ್ಟ ಬರುತ್ತವೆ.

ಇನ್ನು ಹೂವು. ಇದಕ್ಕಾಗಿಯೇ ಕೆಲವರು ಬಂದಿದ್ದೀರಿ ಅಂತ ಗೊತ್ತು.

ಎರಡೂ ಬಿದಿರು ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತವೆ. ಹೂ ಬಿಟ್ಟು, ಬೀಜ ಉದುರಿಸಿ, ಸಾಯುತ್ತವೆ. ನಮ್ಮ ಭತ್ತವೂ ಹಾಗೇ ತಾನೆ? ತೆನೆ ಬಿಟ್ಟಿತು, ಒಣಗಿತು. ಭತ್ತ ನಾಲ್ಕೈದು ತಿಂಗಳಲ್ಲಿ ಮುಗಿಸುವುದನ್ನು ಹೆಬ್ಬಿದಿರು ನಲವತ್ತರಿಂದ ಐವತ್ತು ವರ್ಷಕ್ಕೆ ಎಳೆಯುತ್ತದೆ. ಆ ಹೊತ್ತು ಬಂತೆಂದರೆ ಎಲೆ ಉದುರಿ ಇಡೀ ಮೆಳೆಯೇ ಒಂದು ತೆನೆ ಆಗಿಬಿಡುತ್ತದೆ. ಒಂದು ಮೆಳೆ ಅಲ್ಲ, ಒಂದು ಗುಡ್ಡ ಅಲ್ಲ, ಕಣ್ಣು ಹರಿಯುವಷ್ಟು ದೂರ. 2010ರ ಆಚೀಚೆ ಕೆಲವು ವರ್ಷ ನಾಗರಹೊಳೆ, ಬಂಡೀಪುರ, ವಯನಾಡಿನ ಕಡೆ ಹೀಗೇ ಆಯಿತು. ಹಸಿರಾಗಿದ್ದ ಕಾಡು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು.

ಕಿರುಬಿದಿರು ಅಷ್ಟು ಶಿಸ್ತಿನದ್ದಲ್ಲ. ಅದೂ ಇಪ್ಪತ್ತೈದು, ನಲವತ್ತು ವರ್ಷಕ್ಕೊಮ್ಮೆ ಗುಂಪಾಗಿ ಹೂ ಬಿಡುತ್ತದೆ. ಆದರೆ ಮಧ್ಯೆ ಮಧ್ಯೆ ಅಲ್ಲೊಂದು ಇಲ್ಲೊಂದು ಮೆಳೆ, ಕೆಲವೊಮ್ಮೆ ಒಂದೇ ಗಳ, ತನ್ನ ಪಾಡಿಗೆ ತಾನು ಹೂ ಬಿಟ್ಟುಕೊಂಡಿರುತ್ತದೆ. ಜಾತ್ರೆಗೆ ಎಲ್ಲರೂ ಹೊರಟರೂ ಒಬ್ಬ ಮೊದಲೇ ಹೋಗಿ ಬಂದಿರುತ್ತಾನಲ್ಲ, ಹಾಗೆ. ಹೂವಿನ ರೂಪವೂ ಬೇರೆ. ಕಿರುಬಿದಿರಿನದ್ದು ಕಡ್ಡಿಯ ಮೇಲೆ ಒಂದಿಷ್ಟು ದೂರಕ್ಕೊಂದು ಉಂಡೆ, ಮುಳ್ಳುಂಡೆಯ ಹಾಗೆ ಒತ್ತಾಗಿ. ಹೆಬ್ಬಿದಿರಿನದ್ದು ಸಡಿಲ ಗೊಂಚಲು, ಜೋತು ಬಿದ್ದಿರುತ್ತದೆ.

ಬಿದಿರಿಗೆ ವರ್ಷ ಎಣಿಸೋದು ಹೇಗೆ ಗೊತ್ತು ಅಂತ ಕೇಳಬಹುದು. ಅದರ ಕೈಯಲ್ಲಿ ಕ್ಯಾಲೆಂಡರ್ ಇಲ್ಲ, ಆದರೆ ಒಳಗೆ ಏನೋ ಒಂದು ಲೆಕ್ಕ ಓಡುತ್ತಿರುತ್ತದೆ. ತಾಯಿಮೆಳೆಯ ಗಡ್ಡೆ ತಂದು ಬೇರೆ ಊರಲ್ಲಿ ನೆಟ್ಟರೂ, ತಾಯಿ ಹೂ ಬಿಡುವ ಹೊತ್ತಿಗೆ ಮಗಳೂ ಬಿಡುತ್ತಾಳೆ. ನೀವು ಹೋದ ವರ್ಷ ನೆಟ್ಟ ಗಡ್ಡೆಗೆ ಒಂದು ವರ್ಷ ವಯಸ್ಸಲ್ಲ. ತಾಯಿಗೆ ಎಷ್ಟೋ ಅದಕ್ಕೂ ಅಷ್ಟೇ.

ಎಲ್ಲ ಒಟ್ಟಿಗೆ ಯಾಕೆ ಬಿಡಬೇಕು? 1976ರಲ್ಲಿ ಡೇನಿಯಲ್ ಜಾನ್ಸೆನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಉತ್ತರ ಕೊಟ್ಟರು. ಬೀಜ ತಿನ್ನುವವರು ಸಾವಿರ. ಇಲಿ, ಕಾಡುಕೋಳಿ, ಗಿಳಿ, ಹಂದಿ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬಿಟ್ಟರೆ ಒಂದೂ ಉಳಿಯುವುದಿಲ್ಲ. ಹತ್ತಾರು ವರ್ಷ ಉಪವಾಸ ಹಾಕಿ, ಒಂದೇ ಸಲ ರಾಶಿ ಸುರಿದರೆ ತಿಂದವರ ಹೊಟ್ಟೆ ತುಂಬಿ ಮಿಕ್ಕಿದ್ದು ಮೊಳೆಯುತ್ತದೆ. ಮದುವೆ ಊಟದ ಲೆಕ್ಕ ಇದು. ಎಷ್ಟೇ ಜನ ಬಂದರೂ ಪಾತ್ರೆಯಲ್ಲಿ ಉಳಿಯಬೇಕು. 1999ರಲ್ಲಿ ಕೀಲಿ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ಇನ್ನೊಂದು ಮಾತು ಸೇರಿಸಿದರು. ಸತ್ತು ಒಣಗಿದ ಅಷ್ಟೂ ಬಿದಿರಿಗೆ ಸಿಡಿಲಿನಿಂದ ಬೆಂಕಿ ಬಿದ್ದರೆ ಮೇಲಿನ ಮರಗಳೂ ಸುಟ್ಟು ಸಸಿಗಳಿಗೆ ಬಿಸಿಲು ಸಿಗುತ್ತದೆ, ಅದಕ್ಕಾಗಿಯೇ ಒಟ್ಟಿಗೆ ಸಾಯೋದು ಅಂತ. ನನಗೆ ಮದುವೆ ಊಟದ ಲೆಕ್ಕವೇ ಹೆಚ್ಚು ಹಿಡಿಸಿತು.

ಬಿದಿರು ಹೂ ಬಿಟ್ಟರೆ ಬರ ಅಂತ ನಮ್ಮಲ್ಲಿ ಮಾತಿದೆಯಲ್ಲ. ಅದು ಪೂರ್ತಿ ಮೂಢನಂಬಿಕೆ ಅಲ್ಲ. ಬೀಜ ತಿಂದ ಇಲಿ ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಗದ್ದೆಗೆ ಇಳಿಯುತ್ತವೆ. ಮಿಜೋರಾಂನಲ್ಲಿ ಬೇರೊಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. 1959ರಲ್ಲಿ ಬಿಟ್ಟಾಗ ಇಲಿ ಹೆಚ್ಚಿ ಕ್ಷಾಮವೇ ಬಂತು. ಆ ಸಿಟ್ಟು ಬೆಳೆದು 1966ರಲ್ಲಿ ದಂಗೆಯಾಯಿತು. 2007ರ ಹೊತ್ತಿಗೆ ಅದು ಮತ್ತೆ ಹೂ ಬಿಟ್ಟಿತು. ನಮ್ಮ ಕಡೆ ಬಿದಿರಕ್ಕಿಯನ್ನು ಜನ ಗುಡಿಸಿ ತಂದು ಗಂಜಿ ಮಾಡಿ ಬರಗಾಲ ಕಳೆದ ಕಥೆಗಳೇ ಜಾಸ್ತಿ.

ಸರ್ಕಾರದ ಪುಸ್ತಕದಲ್ಲಿ ಬಿದಿರು ಏನು ಅಂತ ಒಬ್ಬರು ಕೇಳಿದರು. ನಗಬೇಡಿ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ 'ಮರ' ಅನ್ನುವುದರೊಳಗೆ ತಾಳೆ ಜಾತಿ, ಬಿದಿರು, ಬೆತ್ತ ಎಲ್ಲ ಸೇರಿತ್ತು. ಸಸ್ಯಶಾಸ್ತ್ರ ಓದಿದವರಿಗೆ ಹುಲ್ಲು, ಕಾಯ್ದೆಗೆ ಮರ. ತೊಂಬತ್ತು ವರ್ಷ ಹೀಗೇ ನಡೆಯಿತು. 2017ರಲ್ಲಿ ತಿದ್ದುಪಡಿ ಮಾಡಿ, ಕಾಡಿನ ಹೊರಗೆ ಬೆಳೆಸಿದ ಬಿದಿರು ಆ ಕಾಯ್ದೆಯಲ್ಲಿ ಮರ ಅಲ್ಲ ಅಂದರು. ಕಾಡಿನೊಳಗಿದ್ದರೆ ಇನ್ನೂ ಅರಣ್ಯ ಕಾಯ್ದೆಯ ಹಿಡಿತದಲ್ಲೇ. ಬೇಲಿಯ ಈಚೆ ಒಂದು ಲೆಕ್ಕ, ಆಚೆ ಇನ್ನೊಂದು. ನೀವು ನೆಡುವುದಾದರೆ ಬೇಲಿ ಎಲ್ಲಿದೆ ಅಂತ ನೋಡಿಕೊಂಡು ನೆಡಿ.

ಆಮೇಲೆ ಪ್ರಶ್ನೆಗಳು. ವಂಶಲೋಚನ ಯಾವುದರಲ್ಲಿ ಸಿಗುತ್ತೆ ಅಂದರು. ಹೆಬ್ಬಿದಿರಿನ ಟೊಳ್ಳಿನಲ್ಲಿ ಕೆಲವೊಮ್ಮೆ ಕಟ್ಟುವ ಬಿಳಿ ಹರಳು ಅದು, ಬಹುಪಾಲು ಸಿಲಿಕಾ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣಕ್ಕೆ ಹಾಕುತ್ತಾರೆ. ಕಿರುಬಿದಿರಿನಲ್ಲಿ ಕಟ್ಟಲು ಟೊಳ್ಳೇ ಇಲ್ಲವಲ್ಲ. ಸಕ್ರೆಬೈಲಿನ ಆನೆಗಳು ಯಾವುದನ್ನು ತಿನ್ನುತ್ತವೆ ಅಂತ ಒಬ್ಬ ಹುಡುಗ ಕೇಳಿದ. ಆನೆಗೆ ಎರಡೂ ಆಗುತ್ತೆ ಮಗಾ, ಮುಳ್ಳಿನ ಮರ್ಯಾದೆ ಅದಕ್ಕಿಲ್ಲ.

ಕೊನೆಗೆ ಹಿಂದಿನ ಗೋಡೆಗೆ ಒರಗಿ ಕೂತಿದ್ದ ಒಬ್ಬ ಹಿರಿಯರು ಎದ್ದರು. "ನಮ್ಮ ಮನೆ ಹಿಂದೆ ಹಳ್ಳದಲ್ಲಿ ದೊಡ್ಡ ಮೆಳೆ ಇದೆ. ಅದು ಯಾವಾಗ ಹೂ ಬಿಡ್ತದೆ ಹೇಳಿ."

"ಹೆಬ್ಬಿದಿರಾ?"

"ಮುಳ್ಳಿದೆ."

"ಹಾಗಾದರೆ ಹಿಂದಿನ ಸಲ ಯಾವಾಗ ಬಿಟ್ಟಿತ್ತು ಅಂತ ಗೊತ್ತಾಗಬೇಕು. ಅಲ್ಲಿಂದ ನಲವತ್ತೈದು ವರ್ಷ ಆಚೀಚೆ ಎಣಿಸಿ. ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ?"

ಅವರು ಯೋಚನೆ ಮಾಡಿದರು. "ನಾನು ಹುಟ್ಟಿದ ವರ್ಷ ಬಿದಿರಕ್ಕಿ ಬಿಟ್ಟಿತ್ತು ಅಂತ ಅಮ್ಮ ಹೇಳ್ತಿದ್ದಳು. ಬಾಣಂತಿಗೆ ಅದರದ್ದೇ ಗಂಜಿ ಕೊಟ್ಟಿದ್ದರಂತೆ. ನಾನು ಗದ್ದೆ ಕೆಲಸ ಮಾಡೋ ಕಾಲಕ್ಕೆ ಇನ್ನೊಂದು ಸಲ ಬಿಟ್ಟಿದ್ದು ನಾನೇ ನೋಡಿದೀನಿ."

ಎಲ್ಲರೂ ತಿರುಗಿ ನೋಡಿದರು. ಎರಡು ಸಲ! ನಾನು ಪೆನ್ನು ತೆಗೆದುಕೊಂಡೆ. "ಹಾಗಾದರೆ ಲೆಕ್ಕ ಸುಲಭ. ನಿಮಗೀಗ ವಯಸ್ಸೆಷ್ಟು?"

"ಅದೇ ತೊಂದರೆ ಮಾರಾಯ್ರೇ," ಅಂದರು. "ಅಮ್ಮ ಹೇಳಿದ್ದು ಒಂದು, ಆಧಾರ್ ಕಾರ್ಡಲ್ಲಿ ಇರೋದು ಒಂದು. ಎರಡಕ್ಕೂ ಏಳು ವರ್ಷ ವ್ಯತ್ಯಾಸ."